ವೈರ್ ಕಿತ್ತವರು, ಕೀಳಬಿಡದವರು

ಫೋನನ್ನು ಕಂಪ್ಯೂಟರಿಗೆ ಜೋಡಿಸುವುದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಬಿಡಿಸುವಾಗ ಮಾತ್ರ ಎಂಥವರ ಬುದ್ಧಿಯೂ ಮೇಯಲು ಹೋಗಿರುತ್ತದೆ. ಭಾಲ್ಕಿಯ ರೈಲ್ವೆ ಸ್ಟೇಷನ್ ಹತ್ತಿರ ನನ್ನದೊಂದು ಕಂಪ್ಯೂಟರ್ ಅಂಗಡಿ ಇತ್ತು. ಮಳೆ ಬರದೆ ಜನ ಹೈದರಾಬಾದ, ಪುಣೆ, ಮುಂಬೈ ಅಂತ ದುಡಿಯಲು ಹೊರಟ ವರ್ಷಗಳವು. ಗಾಡಿ ಹತ್ತುವ ಮುಂಚೆ ಫೋನಿಗೆ ಭಜನೆಯ ಹಾಡು-ಪದಗಳನ್ನೋ ಮನೆಯವರ ವಿಡಿಯೋಗಳನ್ನೋ ತುಂಬಿಸಿಕೊಳ್ಳಲು ಬರುತ್ತಿದ್ದರು. 'ಮೊದಲು ಇಲ್ಲಿ ಒತ್ತಬೇಕು, ಕಂಪ್ಯೂಟರ್ ಹೂಂ ಅಂದ ಮೇಲೆ ವೈರ್ ತೆಗೀಬೇಕು' ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿತು. ಕೇಳಿದವರು ಯಾರು?

ಅರ್ಧ ಪದ

ಹೈದರಾಬಾದಿಗೆ ಹೊರಟಿದ್ದ ಗೋಡೆ ಕಟ್ಟುವ ಒಬ್ಬ ಗೌಂಡಿ ಪದ ತುಂಬಿಸಲು ಬಂದ. ಪದಗಳು ಇನ್ನೂ ಫೋನಿಗೆ ಹೋಗುತ್ತಿದ್ದವು, ಹೊರಗೆ ಬಸ್ಸಿನ ಹಾರ್ನ್ ಕೇಳಿತು. ನಾನು 'ಏ ನಿಂದ್ರಪಾ' ಅನ್ನುವುದರೊಳಗೆ ವೈರ್ ಕಿತ್ತು ಓಡಿಯೇಬಿಟ್ಟ.

ದೀಪಾವಳಿಗೆ ಊರಿಗೆ ಬಂದವನು ನೇರವಾಗಿ ನನ್ನ ಅಂಗಡಿಗೆ ಬಂದು ಜಗಳ ತೆಗೆದ. "ಒಂದ್ ಪದ ನಡಕ್ಕೇ ನಿಂತದರಿ. ಹಿಂಗ್ ಮೋಸ ಮಾಡ್ತಾರೇನ್ರಿ?"

"ವೈರ್ ಕಿತ್ತವ ನೀನು. ಮೋಸ ನಂದಾ?" ಎಂದು ನಾನೂ ಏರಿದೆ.

"ಅದೆಲ್ಲ ನಂಗೊತ್ತಿಲ್ರಿ. ನಮ್ಮ ಖೋಲ್ಯಾಗಿನ ಮಂದಿಗೆಲ್ಲ ಈಗ ಆ ಪದ ಅರ್ಧಾನೇ ಬರ್ತದ. ಮೊನ್ನಿ ಭಜನಿಯೊಳಗ ಎಲ್ಲರೂ ಕೂಡಿ ಹಾಡಿ, ಎಲ್ಲರೂ ಕೂಡೇ ನಿಂತ್ವಿ!"

ಒಳಗೆ ಯಾರು?

ಬೀದರಿನ ನೌಬಾದದಲ್ಲಿ ನಮ್ಮ ಕಾಕಾ ಇದ್ದಾರೆ, ರಿಟೈರಾದ ಹೆಡ್ ಕ್ಲರ್ಕು. ನನ್ನ ಮಾತು ಕೇಳಿ ವೈರ್ ಕೀಳದೆ ಬಿಡಿಸುವ ಮನುಷ್ಯ ಇಡೀ ಜಿಲ್ಲೆಯಲ್ಲಿ ಅವರೊಬ್ಬರೇ. ಒಂದು ದಿನ ಮನೆಯ ಲ್ಯಾಂಡ್‌ಲೈನಿನಿಂದ ಅವರ ಕರೆ ಬಂತು, ದನಿಯಲ್ಲಿ ಸಿಟ್ಟು. "ಲಗೂನ ಬಾ. ನನ್ನ ಫೋನ್ ಯಾರೋ ಬಳಸ್ಲತಾರ."

ನಾನು ಅಂಗಡಿಗೆ ಬೀಗ ಹಾಕಿ ಬಸ್ಸು ಹಿಡಿದು ಹೋದೆ. ಅವರ ಕಂಪ್ಯೂಟರಿನ ಪರದೆ ಮೇಲೆ 'ಈ ಫೋನ್ ಬಳಕೆಯಲ್ಲಿದೆ, ಈಗ ತೆಗೆಯಲಾಗದು' ಎಂಬ ಅರ್ಥದ ಇಂಗ್ಲಿಷ್ ಸಾಲಿತ್ತು. ಬಳಸುವವರ ಕೆಲಸ ಮುಗಿಯಲಿ ಅಂತ ಕಾಕಾ ಬೆಳಗಿನಿಂದ ಸ್ನಾನವನ್ನೂ ಮಾಡದೆ ಕಾಯುತ್ತ ಕುಳಿತಿದ್ದರು. ನೋಡಿದರೆ, ಫೋನಿನಲ್ಲಿದ್ದ, ಮಗಳ ಮದುವೆಯ ಫೋಟೋಗಳನ್ನು ಅವರೇ ತೆರೆದಿಟ್ಟು ಮುಚ್ಚುವುದನ್ನು ಮರೆತಿದ್ದರು.

"ಕಾಕಾ, ಬಳಸ್ಲತವರು ನೀವೇರಿ" ಅಂದೆ.

ಕಾಕಾ ಕೆರಳಿದರು. "ನಾನೇ ಅಂದ್ರ ನನ್ನ ಹೆಸರು ಹಾಕ್ಬೇಕು. ಆಫೀಸಿನಾಗ ನಾ ಹಿಂತಾ ನೋಟ್ ಬರ್ದಿದ್ರ ಸಾಹೇಬರು ಮಾರಿಗಿ ಒಗೀತಿದ್ರು!"

ಬೋರ್ಡಿನ ಫಲ

ರೋಸಿಹೋಗಿ ಅಂಗಡಿಯಲ್ಲಿ ಒಂದು ಬೋರ್ಡು ತೂಗುಹಾಕಿದೆ: 'ನನ್ನನ್ನು ಕೇಳದೆ ಫೋನ್ ಬಿಡಿಸಬಾರದು.' ಅದೇ ದಿನ ನಾನು ಚಹಾಕ್ಕೆ ಹೋಗಿ ಬರುವಷ್ಟರಲ್ಲಿ ಅಂಗಡಿ ಮುಂದೆ ಗುಂಪು ಕೂಡಿತ್ತು. ಒಳಗೆ ಒಬ್ಬ ಗಿರಾಕಿ ಟೇಬಲ್ ಕೆಳಗೆ ಕುಕ್ಕರುಗಾಲಲ್ಲಿ ಕೂತು, ಕಂಪ್ಯೂಟರ್ ಡಬ್ಬಿಗೆ ಗಲ್ಲ ಒತ್ತಿಕೊಂಡು ಫೋನಿನಲ್ಲಿ ಮಾವನ ಜೊತೆ ಜಗಳ ಆಡುತ್ತಿದ್ದ. ಫೋನ್ ವೈರಿನಲ್ಲೇ ಇತ್ತು, ವೈರು ಗೇಣುದ್ದ. ಕೊರಳ ನರ ಉಬ್ಬಿಸಿಕೊಂಡು ಕೂಗುತ್ತಿದ್ದ ಅವನ ಮಾತು ಇಡೀ ಓಣಿಗೆ ಕೇಳುತ್ತಿತ್ತು.

"ಬಿಡಿಸಿಕೊಂಡು ಹೊರಗ ಹೋಗಿ ಮಾತಾಡ್ಬೇಕಿಲ್ಲೋ?" ಎಂದೆ.

ಅವನು ನನ್ನನ್ನೇ ಬೈದ. "ಬೋರ್ಡ್ ಹಾಕಿ ಚಾ ಕುಡೀಲಾಕ ಹೋದವ್ರು ನೀವು. ನಮ್ಮನಿ ಮಾತ್ ಬಜಾರಕ್ಕ ಬಂತಲ್ರಿ!"

ಅವತ್ತೇ ಬೋರ್ಡ್ ಇಳಿಸಿದೆ.

ಪಾಳಿ

ಆ ಬೇಸಿಗೆಯಲ್ಲಿ ನೀರು ಟ್ಯಾಂಕರಿನಲ್ಲಿ ಬರುತ್ತಿತ್ತು, ಕರೆಂಟು ಬಂದರೆ ಬಂತು. ನನ್ನ ಕಂಪ್ಯೂಟರಿಗೆ ಇನ್ವರ್ಟರ್ ಇದ್ದುದರಿಂದ ಓಣಿಯವರೆಲ್ಲ ಫೋನ್ ತಂದು ಅದಕ್ಕೇ ಚುಚ್ಚಿ ಚಾರ್ಜ್ ಮಾಡಿಕೊಳ್ಳುವ ರೂಢಿ ಬಿತ್ತು. ಬೇಡ ಅಂದರೆ ಕೇಳುವವರಿಲ್ಲ. ಸರಿಯಾಗಿ ಕೆಲಸ ಮಾಡುವ ಯುಎಸ್‌ಬಿ ಕಿಂಡಿಯೋ ಒಂದೇ. ಟ್ಯಾಂಕರಿನ ಮುಂದೆ ಕೊಡ ಇಟ್ಟು ಪಾಳಿ ಹಿಡಿದಂತೆ ಅದಕ್ಕೂ ಪಾಳಿ ಶುರುವಾಯಿತು. ಕೊಡದ ಪಾಳಿಯ ನಿಯಮ ಗೊತ್ತಲ್ಲ? ಒಡೆಯರು ಇಲ್ಲದಾಗ ಕೊಡ ಸರಿಸಿದವನು ಓಣಿಯಲ್ಲಿ ಬಾಳುವ ಹಾಗಿಲ್ಲ.

ಒಂದು ಸಂಜೆ ಔರಾದ ತಾಲೂಕಿನ ಚಿಂತಾಕಿಯಿಂದ ಒಬ್ಬ ಹೆಣ್ಣುಮಗಳು ಬಂದಳು. ಕಂಕುಳಲ್ಲಿ ಕೂಸು, ಕೈಯಲ್ಲಿ ಒಂದು ಸಿ.ಡಿ., ಜೊತೆಗೆ ಚೀಲ ಹೊತ್ತ ಅಣ್ಣ. ಗಂಡ ಮುಂಬೈಯಲ್ಲಿ ಕಟ್ಟಡದ ಕೆಲಸಕ್ಕೆ ಹೋದ ಮೇಲೆ ಹುಟ್ಟಿದ ಕೂಸು ಅದು. ತೊಟ್ಟಿಲಿಗೆ ಹಾಕಿ ಹೆಸರಿಟ್ಟದ್ದರ ವಿಡಿಯೋ ಸಿ.ಡಿ.ಯಲ್ಲಿತ್ತು. ಅಣ್ಣ ಅದೇ ಕಟ್ಟಡದ ಕೆಲಸಕ್ಕೆ ಈಗಿನ ಗಾಡಿಗೇ ಹೊರಟಿದ್ದ.

"ಇವನ ಫೋನಿನಾಗ ಹಾಕಿಕೊಡ್ರಿ ಅಣ್ಣಾ. ಅವರು ಕೂಸಿನ ಮಾರಿ ಇನ್ನಾ ನೋಡಿಲ್ರಿ" ಎಂದಳು.

ಕಿಂಡಿಯಲ್ಲಿ ಹಿಂದಿನ ಓಣಿಯ, ಎಲ್ಲರೂ ಕಾಕಿ ಎನ್ನುವ ಹೆಂಗಸಿನ ಫೋನ್ ಇತ್ತು. ಕಾಕಿ ಟ್ಯಾಂಕರಿಗೆ ಹೋಗಿದ್ದಳು. ನಾನು ವೈರಿಗೆ ಕೈ ಹಾಕಿದ್ದೇ ತಡ, ಪಾಳಿಯಲ್ಲಿ ಕೂತಿದ್ದ ಮುದುಕಿ ಎದ್ದು ನಿಂತಳು.

"ಕೈ ತಗೀರಿ! ಮಂದಿ ಕೊಡ ಸರಸ್ತೀರೇನು?"

"ಆಯಿ, ಇದು ಕೊಡ ಅಲ್ಲ, ಫೋನು."

"ಏನರೆ ಇರ್ಲಿ. ಪಾಳಿ ಅಂದ್ರ ಪಾಳಿ."

ನೀನಾದರೂ ಹೇಳವ್ವಾ ಎಂದು ಆ ಹೆಣ್ಣುಮಗಳ ಕಡೆ ನೋಡಿದೆ. ಅವಳು ತಲೆ ತಗ್ಗಿಸಿ, "ನಿಂದರ್ತೀವ್ರಿ ಅಣ್ಣಾ. ನಮ್ಮೂರಾಗೂ ಹಂಗೇ ಅದ" ಎಂದಳು. ಅವಳ ಕಣ್ಣು ಮಾತ್ರ ಸ್ಟೇಷನ್ ಕಡೆಗಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು. ಅಲ್ಲಿ ಹೆತ್ತ ಅಪ್ಪ ಮಗುವಿನ ಮುಖ ನೋಡಲು ಕಾದಿದ್ದಾನೆ, ಇಲ್ಲಿ ಇವರು ನಿಯಮ ಹೇಳುತ್ತಾರೆ! ಅಷ್ಟರಲ್ಲಿ ಗಾಡಿ ಕೂಗಿತು. ನಾನು ಕಾಕಿಯ ಫೋನ್ ಬಿಡಿಸಿ ಟೇಬಲ್ ಮೇಲೆ ಬೋರಲು ಹಾಕಿದೆ. ಮುದುಕಿ "ಅಯ್ಯ ಶಿವನೇ" ಎಂದು ಎದೆಗೆ ಕೈ ಇಟ್ಟುಕೊಂಡಳು.

ಅಣ್ಣನ ಫೋನ್ ಚುಚ್ಚಿದೆ. ವಿಡಿಯೋ ತೆವಳುತ್ತ ತೆವಳುತ್ತ ಕೊನೆಗೂ ಒಳಗೆ ಹೋಯಿತು. ಬಿಡಿಸಲು ಹೋದರೆ 'ಬಳಕೆಯಲ್ಲಿದೆ' ಎಂದಿತು ಆ ಹಾಳು ಕಂಪ್ಯೂಟರ್. "ಬ್ಯಾಡ ಅನ್ಲತದಲ್ರಿ" ಎಂದ ಅಣ್ಣ. "ಅದರ ಮಾರಿಗಿಷ್ಟು!" ಎಂದು ನಾನೇ ವೈರ್ ಕಿತ್ತು ಫೋನ್ ಅವನ ಕೈಗಿತ್ತೆ. ಅಣ್ಣ ತಂಗಿ ಇಬ್ಬರೂ ಓಡಿದರು. ಸ್ವಲ್ಪ ಹೊತ್ತಿಗೆ ಅವಳೊಬ್ಬಳೇ ಏದುಸಿರು ಬಿಡುತ್ತ ಬಂದು, "ಸಿಕ್ತ್ರಿ ಅಣ್ಣಾ, ಗಾಡಿ ಸಿಕ್ತು. ವಿಡಿಯೋನೂ ಚಾಲೂ ಆಗ್ಲತದಂತ" ಎಂದು ನಕ್ಕಳು. ನನಗೆ ನಿಜವಾಗಿ ಸಂತೋಷವಾಯಿತು.

ಆಗ ಬಂದಳು ಕಾಕಿ. ತಲೆ ಮೇಲೆ ಕೊಡ, ಸೀರೆಯೆಲ್ಲ ಒದ್ದೆ. ಟೇಬಲ್ ಮೇಲಿನ ಫೋನ್ ಕಂಡದ್ದೇ ಬಾಯಿ ತೆಗೆದಳು. ಓಣಿ ಸೇರಿತು. ನಾನು ಕೈ ಮುಗಿದೆ. "ತಪ್ಪಾಯ್ತು ಕಾಕಿ. ನಿನ್ನ ಫೋನ್ ನಾನೇ ಪೂರಾ ಚಾರ್ಜ್ ಮಾಡಿ ಮನಿಗಿ ತಂದ್ ಕೊಡ್ತೀನಿ."

"ಎದರ ಚಾರ್ಜೋ? ಅದರಾಗ ಬ್ಯಾಟರಿನೇ ಇಲ್ಲ" ಎಂದಳು ಕಾಕಿ. "ನನ್ನ ಖರೇ ಫೋನ್ ಮನ್ಯಾಗದ. ಅದು ತರೋತನಕ ಜಗಾ ಹಿಡೀಲಿ ಅಂತ ಈ ಕೆಟ್ಟದ್ದು ಹಚ್ಚಿದ್ದೆ."

ನನ್ನ ಸಿಟ್ಟು ನೆತ್ತಿಗೇರಿತು. "ಕೇಳ್ರಿ, ಎಲ್ಲರೂ ಕೇಳ್ರಿ! ಒಳಗ ಏನೂ ಇಲ್ಲದ ಖಾಲಿ ಫೋನಿಗಿ ನಾ ಇಷ್ಟೊತ್ತು ಬೈಸಿಕೊಂಡೀನಿ!"

ಓಣಿಯವರು ನನ್ನ ಕಡೆ ಆಗುತ್ತಾರೆ ಅಂದುಕೊಂಡೆ. ಮುದುಕಿ ಮುಂದೆ ಬಂದು ನನ್ನನ್ನು ಮೇಲಿಂದ ಕೆಳಗಿನ ತನಕ ನೋಡಿದಳು.

"ಖಾಲಿ ಇದ್ರೇನಾಯ್ತೋ? ತುಂಬಿದ ಕೊಡ ಯಾರರೆ ಪಾಳಿಗಿ ಇಡ್ತಾರೇನು?"