ಕುಂಕುಮಕ್ಕೊಂದು ರೀಫಿಲ್ಲು

ನಮ್ಮ ಮನೆಯಲ್ಲಿ ಯಾವುದೂ ಮುಗಿಯುತ್ತಿರಲಿಲ್ಲ, ಹೆಚ್ಚುತ್ತಿತ್ತು. ಅಕ್ಕಿ ಡಬ್ಬದ ತಳ ಕಂಡರೆ ‘ಅಕ್ಕಿ ಹೆಚ್ಚೈತೆ’ ಎನ್ನಬೇಕು. ಒಗೆಯುವ ಕಲ್ಲಿಗೆ ತಗುಲಿ ಬಳೆ ಚೂರಾದರೆ ‘ಬಳೆ ಹೆಚ್ಚಿತು’. ದೇವರ ಮುಂದಿನ ದೀಪವನ್ನು ಆರಿಸುವ ಹಾಗಿಲ್ಲ, ‘ದೊಡ್ಡದು’ ಮಾಡಬೇಕು. ಒಮ್ಮೆ ಅಜ್ಜಿ ‘ಉಪ್ಪು ಹೆಚ್ಚೈತೆ, ಅಂಗಡಿಗೆ ಓಡು’ ಎಂದಾಗ, ‘ಹೆಚ್ಚಿದ್ರೆ ಯಾಕಜ್ಜಿ ತರೋದು? ಅಂಗಡಿಯವನಿಗೇ ಒಂದೀಟು ಕೊಟ್ಟು ಬತ್ತೀನಿ’ ಎಂದು ಬೆನ್ನಿಗೆ ಸರಿಯಾದ ಗುದ್ದು ತಿಂದಿದ್ದೆ. ಆ ಗುದ್ದಿನಲ್ಲಿ ನನಗೆ ಕನ್ನಡ ವ್ಯಾಕರಣದ ಅರ್ಧ ಭಾಗ ತಿಳಿಯಿತು. ಹೀಗೆ ಹಿರಿಯರ ಬಾಯಿಂದಲೂ ಕೈಯಿಂದಲೂ ಭಾಷೆ ಕಲಿತವನು ದೊಡ್ಡವನಾದ ಮೇಲೆ ಎಚ್ಚರವಾಗಿ ಮಾತಾಡುತ್ತಾನೆ ಎಂದು ನೀವು ಭಾವಿಸಬಹುದು. ಆದರೆ ಕುಂಕುಮದ ವಿಷಯದಲ್ಲಿ ‘ಮುಗಿದ ಕೂಡಲೇ ಕಿತ್ತು ಎಸೆಯಿರಿ’ ಎಂದು ಅಚ್ಚು ಹಾಕಿಸಿ ಹಂಚಿದ ಮನುಷ್ಯ ತಿಪಟೂರು ಸೀಮೆಯಲ್ಲಿ ಯಾರಾದರೂ ಇದ್ದರೆ ಅದು ನಾನೊಬ್ಬನೇ.

ಆಗ ತೊಂಬತ್ತರ ದಶಕ ಕೊನೆಗೆ ಬಂದಿತ್ತು. ತಿಪಟೂರಿನ ಕೊಬ್ಬರಿ ಮಂಡಿಗಳ ಹಿಂದಿನ ಓಣಿಯಲ್ಲಿ ನನ್ನದೊಂದು ಪ್ಲಾಸ್ಟಿಕ್ ಕಾರ್ಖಾನೆ. ಕಾರ್ಖಾನೆ ಎಂದರೆ ತಗಡಿನ ಮಾಡು, ಕೈಯಲ್ಲಿ ಒತ್ತುವ ಒಂದು ಮೋಲ್ಡಿಂಗ್ ಮಿಷನ್ನು, ಮತ್ತು ನಾನು. ಕೊಬ್ಬರಿ ಎಣ್ಣೆ ಬಾಟಲಿಗೆ ಮುಚ್ಚಳ ಒತ್ತಿ ಒತ್ತಿ ಬೇಸರ ಬಂದಿತ್ತು. ಮುಚ್ಚಳ ಮಾಡುವವನನ್ನು ಯಾರೂ ನೆನೆಯುವುದಿಲ್ಲ. ಸೋರಿದಾಗ ಮಾತ್ರ ನೆನೆಯುತ್ತಾರೆ. ಅದೇ ಹೊತ್ತಿಗೆ ನಮ್ಮ ಗಿರಿಜಕ್ಕನ ಹಣೆ ಸ್ಟಿಕ್ಕರ್ ಬೊಟ್ಟಿನ ಅಂಟಿಗೆ ಸುಟ್ಟು, ತುರಿಸಿ, ಗಾಯವಾಯಿತು. ಪುಡಿ ಕುಂಕುಮ ಬೆವರಿಗೆ ಮೂಗಿನವರೆಗೆ ಇಳಿಯುತ್ತದೆ ಎಂದು ಅವಳ ದೂರು. ಅರಿಶಿನದಿಂದ ಮಾಡಿದ ಒಳ್ಳೆಯ ಕುಂಕುಮಕ್ಕೆ ಜೇನುಮೇಣವನ್ನೂ ಊರಿನ ಎಣ್ಣೆಯನ್ನೂ ಸೇರಿಸಿ, ತುಟಿಗೆ ಹಚ್ಚುವ ಬಣ್ಣದ ಕಡ್ಡಿಯ ಹಾಗೆ ಮಾಡಿದರೆ ಹೇಗೆ ಎಂದು ನನಗೆ ಹೊಳೆಯಿತು. ತಳ ತಿರುಗಿಸಿದರೆ ತಲೆ ಮೇಲೆ ಬರಬೇಕು. ಹಣೆಗೆ ಒತ್ತಿದರೆ ದುಂಡು ಬೊಟ್ಟು.

ಹೊಳೆಯುವುದು ಸುಲಭ. ಮೊದಲ ಕಡ್ಡಿ ಚಳಿಗಾಲದಲ್ಲಿ ಸುಣ್ಣದ ಕಲ್ಲಿನಷ್ಟು ಗಟ್ಟಿಯಾಗಿ, ಹಣೆಯ ಮೇಲೆ ಬೊಟ್ಟಿನ ಬದಲು ಬೊಬ್ಬೆ ಎಬ್ಬಿಸಿತು. ಎಣ್ಣೆ ಜಾಸ್ತಿ ಮಾಡಿದೆ. ಬೇಸಿಗೆ ಬಂದಾಗ ಕರಗಿತು. ಪರೀಕ್ಷೆಗೆಂದು ನನ್ನ ಹಣೆಗೇ ಇಟ್ಟುಕೊಂಡು ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದವನನ್ನು ನೋಡಿ, ಹಣ್ಣಿನ ಗಾಡಿಯವನು ‘ಯಾರು ಹೊಡೆದ್ರು ಸಾ? ಹೇಳಿ ಸಾ’ ಎಂದು ತೋಳು ಮಡಿಸಿದ. ಅಂತೂ ಮೇಣದ ಹದ ಸಿಕ್ಕಿತು. ಆಮೇಲೆ ಬಂದದ್ದು ನನ್ನ ದೊಡ್ಡ ಯೋಚನೆ. ಹೊರಗಿನ ಡಬ್ಬಿ ಗಟ್ಟಿ ಪ್ಲಾಸ್ಟಿಕ್ಕು, ವರ್ಷಗಟ್ಟಲೆ ಬಾಳುತ್ತದೆ. ಸವೆಯುವುದು ಒಳಗಿನ ಕುಂಕುಮ ಮಾತ್ರ. ಹಾಗಾದರೆ ಪೆನ್ನಿಗೆ ರೀಫಿಲ್ ಹಾಕುವ ಹಾಗೆ ಒಳಗೊಳವೆಯನ್ನಷ್ಟೇ ಬದಲಾಯಿಸಿದರಾಯಿತು! ಈ ಉತ್ಸಾಹದಲ್ಲೇ ನಾನು ಚೀಟಿ ಬರೆದದ್ದು: ‘ಕುಂಕುಮ ಮುಗಿದ ಕೂಡಲೇ ಹಳೆಯದನ್ನು ಕಿತ್ತು ಎಸೆಯಿರಿ. ಹೊಸದನ್ನು ಹಾಕಿಕೊಳ್ಳಿ.’ ಬರೆದಾಗ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಮೊದಲ ಡಬ್ಬಿಯನ್ನು ಚೀಟಿಯ ಸಮೇತ ಗಿರಿಜಕ್ಕನಿಗೆ ಕೊಟ್ಟೆ. ಉಳಿದವು ತುರುವೇಕೆರೆಯ ಒಂದು ಫ್ಯಾನ್ಸಿ ಸ್ಟೋರಿಗೆ ಹೋದವು.

ಡಬ್ಬಿಗಳು ಖರ್ಚಾದವು. ರೀಫಿಲ್ಲು ಒಂದೂ ಅಲುಗಲಿಲ್ಲ. ಕಾರಣ ಕೇಳಲು ಹೋದರೆ ಸ್ಟೋರಿನ ಯಜಮಾನರು ನನ್ನನ್ನು ಒಳಗೆ ಕರೆದು, ಗಿರಾಕಿಗಳಿಗೆ ಕೇಳಿಸದ ಹಾಗೆ ಮಾತಾಡಿದರು.

‘ಏನ್ರೀ ಬರೆದಿದ್ದೀರಿ ಇದು? ಮುತ್ತೈದೆ ಅಂಗಡಿಗೆ ಬಂದು ನನ್ನ ಕುಂಕುಮ ಮುಗೀತು, ಬೇರೇದು ಕೊಡಿ ಅಂತ ಬಾಯಲ್ಲಿ ಅಂತಾಳೇನ್ರೀ?’

‘ಹೆಚ್ಚೈತೆ ಅನ್ನಬಹುದಲ್ಲ?’

‘ಹಂಗೂ ಅಂದ್ರು ಒಬ್ರು. ನಮ್ಮ ಅಂಗಡಿ ಹುಡುಗಿ ಹೆಚ್ಚಿದ್ರೆ ವಾಪಸ್ ತಗಳಲ್ಲ ಅಂದ್ಳು. ಅವ್ರು ಹೋದೋರು ಇನ್ನೂ ಬಂದಿಲ್ಲ. ಅದಿರ್ಲಿ, ಕಿತ್ತು ಎಸೀರಿ ಅಂತೀರಲ್ಲ, ಕುಂಕುಮಾನ ಯಾವಾಗ ಕೀಳ್ತಾರೆ ಅಂತ ಗೊತ್ತಿಲ್ವೇನ್ರೀ ನಿಮ್ಗೆ?’

ಗೊತ್ತಿತ್ತು. ಎಲ್ಲರಿಗೂ ಗೊತ್ತಿರುವ ಹಾಗೆ ನನಗೂ ಗೊತ್ತಿತ್ತು. ಗಂಡ ಸತ್ತ ದಿನ ಹೆಂಗಸರೆಲ್ಲ ಸೇರಿ ಮಾಡುವ ಕೆಲಸವನ್ನು ನಾನು ಮನೆಮನೆಯಲ್ಲೂ ಬೇಕಾದಾಗಲೆಲ್ಲ ಮಾಡಿಕೊಳ್ಳಿ ಎಂದು ಚೀಟಿ ಹಂಚಿದ್ದೆ. ಉಳಿದ ಚೀಟಿಗಳನ್ನೆಲ್ಲ ಕಟ್ಟಿಕೊಂಡು ಹೊರಟವನಿಗೆ, ಅಂಥದ್ದೇ ಒಂದು ಚೀಟಿ ಗಿರಿಜಕ್ಕನ ಮನೆಯಲ್ಲೂ ಇದೆ ಎಂಬುದು ನೆನಪಾಯಿತು. ಅದನ್ನು ಮೊದಲು ಹಿಂದಕ್ಕೆ ತರಬೇಕಿತ್ತು. ಯಾಕೆಂದರೆ ಅಷ್ಟರಲ್ಲಿ ನಮ್ಮ ಭಾವ ಸಿದ್ದಲಿಂಗಪ್ಪನವರು ಹಾಸಿಗೆ ಹಿಡಿದಿದ್ದರು.

ಭಾವ ಮಂಡಿಯಲ್ಲಿ ಕೊಬ್ಬರಿ ತೂಗುತ್ತಿದ್ದವರು. ಆಳೂ ಅಷ್ಟೇ ತೂಕದವರು. ಹೊಟ್ಟೆಯಲ್ಲಿ ಗಡ್ಡೆ ಎಂದು ಕೊಯ್ದು ನೋಡಿದ ಡಾಕ್ಟರು ಹಾಗೆಯೇ ಹೊಲಿದು ಕಳಿಸಿದ್ದರು. ಅರಳಗುಪ್ಪೆ ಹತ್ತಿರದ ಅವರ ಮನೆಗೆ ನಾನು ಹೋದಾಗ ನಡುಮನೆಯ ಮಂಚದ ಮೇಲೆ ಒಂದು ದುಪ್ಪಟಿಯೂ ಅದರ ತುದಿಗೆ ಒಂದು ಮೀಸೆಯೂ ಇದ್ದವು. ಮೀಸೆ ನನ್ನನ್ನು ನೋಡಿ ನಕ್ಕಿತು.

‘ಬಾರಯ್ಯ ನಂಜುಂಡ. ನಿನ್ನ ಚೀಟಿ ಓದ್ದೆ. ಮುಗಿದ ಕೂಡ್ಲೆ ಕಿತ್ತು ಎಸೀರಿ, ಹೊಸದನ್ನ ಹಾಕ್ಕಳಿ! ಡಾಕ್ಟ್ರೂ ಇಷ್ಟು ಬಿಡಿಸಿ ಹೇಳಿರ್ಲಿಲ್ಲ ಕಣಪ್ಪ. ನಿಮ್ಮಕ್ಕಂಗೆ ಹೊಸದನ್ನ ನೋಡಿದ್ದೀಯೋ ಹೆಂಗೆ?’

‘ಭಾವ, ನಿಮ್ಮ ದಮ್ಮಯ್ಯ.’

‘ತಿಪಟೂರು ಕಡೇನೇ ನೋಡು. ಬಸ್ಸಿನ ಅನುಕೂಲ ಐತೆ.’

ನಗಬೇಕೋ ಬೇಡವೋ ತಿಳಿಯದೆ ಅಡುಗೆಮನೆಗೆ ನುಗ್ಗಿದೆ. ಗಿರಿಜಕ್ಕ ಒಲೆಯ ಮುಂದೆ ಗಂಜಿ ತಿರುವುತ್ತಿದ್ದಳು. ತಿರುಗಿ ನೋಡಿದಳು. ಅವಳ ಹಣೆಯ ಮೇಲೆ ಸದಾ ಇರುತ್ತಿದ್ದ ಕಾಸಗಲದ ಬೊಟ್ಟಿನ ಜಾಗದಲ್ಲಿ ಸಾಸಿವೆ ಕಾಳಿನಷ್ಟು ಕೆಂಪು ಇತ್ತು. ನಾನು ಡಬ್ಬಿ ಕೇಳಿದೆ. ಕೊಡಲಿಲ್ಲ, ಕೈಯಲ್ಲೇ ಹಿಡಿದು ತೋರಿಸಿದಳು. ಒಳಗೊಳವೆಯ ಅಂಚಿನಲ್ಲಿ ಕುಂಕುಮ ಸುಣ್ಣ ಸವರಿದ ಹಾಗೆ ಉಳಿದಿತ್ತು. ಅದನ್ನು ಬೆಂಕಿಕಡ್ಡಿಯಲ್ಲಿ ಕೆರೆದು ಕೆರೆದು ಇಟ್ಟುಕೊಳ್ಳುತ್ತಿದ್ದಳು.

‘ಹೊಸದು ತಂದಿದ್ದೀನಿ ಅಕ್ಕ. ಅದನ್ನ ತೆಗೆದು...’

‘ತೆಗಿ ಅನ್ಬೇಡ.’

‘ಹೋಗ್ಲಿ, ಪುಡಿ ಕುಂಕುಮ ಇಟ್ಕೊ.’

‘ಅವರು ಎದ್ದು ಓಡಾಡ್ತಿದ್ದಾಗ ಇಟ್ಟಿದ್ದು ಇದು. ಈಗ ನಡೂ ಮಧ್ಯ ಬದ್ಲಾಯ್ಸಲ್ಲ. ಇದು ಇರೋಗಂಟ ಅವರೂ ಇರ್ತಾರೆ ಅಂದ್ಕೊಂಡಿದ್ದೀನಿ. ಹುಚ್ಚು ಅಂತೀಯ? ಅನ್ನು. ಬರೆದೋನು ನೀನೇ ಅಲ್ವೇನೋ?’

ಗಂಜಿ ತಳ ಹಿಡಿಯಿತು. ನಾನು ಬರೆದ ಒಂದು ಸಾಲಿಗೆ ಜನ ಇಷ್ಟು ಬೆಲೆ ಕೊಡುತ್ತಾರೆಂದು ಎಂದೂ ಅಂದುಕೊಂಡಿರಲಿಲ್ಲ. ಸಾಧಾರಣವಾಗಿ ನಾನು ಬರೆದದ್ದನ್ನು ಯಾರೂ ಓದುವುದಿಲ್ಲ. ಓದಬೇಕಾಗಿಲ್ಲದ್ದನ್ನು ಮಾತ್ರ ಗಂಡಹೆಂಡಿರಿಬ್ಬರೂ ಓದಿದ್ದರು. ಸವೆಯುತ್ತಿರುವುದು ಒಂದು ಕಡೆ ಕೊಳವೆಯಲ್ಲಿ, ಇನ್ನೊಂದು ಕಡೆ ಮಂಚದ ಮೇಲೆ. ಎರಡನ್ನೂ ಅವಳು ಒಂದೇ ಬೆಂಕಿಕಡ್ಡಿಯಿಂದ ಕಾಯುತ್ತಿದ್ದಳು.

ನಡುಮನೆಗೆ ಬಂದು ಭಾವನ ಹತ್ತಿರ ಕುಳಿತೆ. ಅವರಿಗೆ ಎಲ್ಲ ಕೇಳಿಸಿತ್ತು. ಅಂದರು: ‘ಆಸ್ಪತ್ರೆಯಿಂದ ನನ್ನ ಯಾರೂ ತೆಗೀಲಿಲ್ಲ ಕಣ್ಲಾ. ಬಾಗಿಲಿಂದ ಇನ್ನೊಬ್ಬನ್ನ ನೂಕ್ಕೊಂಡು ಬಂದ್ರು, ಮಂಚ ಬೇಕಾಯ್ತು, ನಾನು ತಾನಾಗೇ ಆಚೆ ಬಂದೆ. ಹಂಗೆ ಮಾಡೋಕಾಗಲ್ವಾ ನಿನ್ನ ಡಬ್ಬೀಲಿ? ಹಳೇದನ್ನ ತೆಗೆಯೋದ್ಯಾಕೆ? ಹಿಂದಿನಿಂದ ಹೊಸದನ್ನ ನೂಕು.’

ಇಂಥ ಮಾತಿಗೆ ‘ಭೇಷ್ ಭಾವ’ ಎನ್ನುವುದು ಹೇಗೆ? ಆದರೂ ಮನಸ್ಸಿನಲ್ಲಿ ಅಂದುಕೊಂಡೆ. ಊರಿಗೆ ಬಂದವನೇ ಮುಚ್ಚಳದ ಕೆಲಸ ನಿಲ್ಲಿಸಿ ಹೊಸ ಅಚ್ಚು ಕೊರೆಯಲು ಕೂತೆ. ಒಳಗೊಳವೆಯನ್ನೇ ಬಿಟ್ಟೆ. ಅದರ ಬದಲು ಬೆರಳಿನ ಗಿಣ್ಣಿನಷ್ಟುದ್ದದ ಕುಂಕುಮದ ತುಂಡುಗಳು. ತಳದ ಬಾಯಿಂದ ಒಂದು ತುಂಡು ಒಳಗಿಟ್ಟು ನೂಕಿದರೆ ಅದು ಮುಂದಿನದನ್ನು ನೂಕುತ್ತದೆ. ಹಿಂದಕ್ಕೆ ಜಾರದಂತೆ ಒಳಗೆ ಸಣ್ಣ ಹಲ್ಲುಗಳು. ಒಳಗೆ ಹೋದದ್ದು ಹಣೆಯ ಕಡೆಯಿಂದ ಸವೆದೇ ಹೊರಗೆ ಬರಬೇಕು. ಬೇರೆ ದಾರಿಯೇ ಇಲ್ಲ. ಹಲ್ಲುಗಳನ್ನು ಅರದಲ್ಲಿ ಉಜ್ಜುವಾಗ ನನ್ನ ಬೆರಳೂ ಒಂದಿಷ್ಟು ಸವೆಯಿತು. ನನ್ನ ಜೀವಮಾನದಲ್ಲಿ ಇಷ್ಟು ಅವಸರದಿಂದ, ಇಷ್ಟು ಹೆದರಿಕೊಂಡು ಯಾವ ಕೆಲಸವನ್ನೂ ಮಾಡಿದವನಲ್ಲ. ಅಕ್ಕನ ಬೆಂಕಿಕಡ್ಡಿಗೂ ನನ್ನ ಅರಕ್ಕೂ ಪಂದ್ಯ ಬಿದ್ದಿತ್ತು.

ಅರ ಗೆದ್ದಿತು. ಹಳೆಯ ಕೊಳವೆಯಲ್ಲಿ ಉಳಿದದ್ದನ್ನು ಅಕ್ಕ ಸ್ವತಃ ಕೆರೆದು ಹೊಸ ಡಬ್ಬಿಯ ಮೊದಲ ತುಂಡಿನ ತಲೆಗೆ ಮೆತ್ತಿದಳು. ಹಾಗಾಗಿ ಅವಳ ಲೆಕ್ಕದಲ್ಲಿ ಏನೂ ಬದಲಾಗಲಿಲ್ಲ. ನಾನು ತಂದಿದ್ದ ತುಂಡುಗಳನ್ನೆಲ್ಲ ಹಿಡಿಸುವಷ್ಟೂ ಹಿಂದಿನಿಂದ ತುಂಬಿದಳು. ಆಮೇಲೆ ಕನ್ನಡಿಯ ಮುಂದೆ ನಿಂತು ಕಾಸಗಲದ ಬೊಟ್ಟಿಟ್ಟುಕೊಂಡು ಭಾವನ ಎದುರಿಗೆ ಬಂದಳು.

‘ಅಬ್ಬಾ, ದೂರದಿಂದ್ಲೇ ಕಾಣ್ತೈತೆ ಬುಡು,’ ಎಂದರು ಭಾವ. ‘ಇನ್ನು ನಾನು ಸಾಯೋಕೆ ಬಿಡುವಿಲ್ಲ.’

ಬಿಡುವು ಆಯಿತು. ಆ ವಾರ ದಾಟಲಿಲ್ಲ. ಬೆಳಿಗ್ಗೆ ಗಂಜಿ ಬೇಡ ಎಂದವರು ಮಧ್ಯಾಹ್ನ ನೀರೂ ಬೇಡ ಎಂದರು. ಸಂಜೆ ಏನನ್ನೂ ಹೇಳಲಿಲ್ಲ. ಗೂಡಿನಲ್ಲಿದ್ದ ಡಬ್ಬಿ ಬಾಯಿವರೆಗೆ ತುಂಬಿತ್ತು. ಮಣ್ಣು ಮಾಡಿ ಬಂದ ಮೇಲೆ ಹೆಂಗಸರು ಅಕ್ಕನನ್ನು ಹಿತ್ತಲಿಗೆ ಕರೆದುಕೊಂಡು ಹೋದರು. ನಾನು ಬೇಲಿಯ ಹತ್ತಿರ ನಿಂತು ತೆಂಗಿನ ಮರದಲ್ಲಿ ಎಷ್ಟು ಗೊನೆ ಇವೆಯೋ ನೋಡುತ್ತಿದ್ದೆ. ಎಷ್ಟಿದ್ದವೋ ಈಗಲೂ ಗೊತ್ತಿಲ್ಲ.

ಭಾವನ ಉತ್ತರಕ್ರಿಯೆಯ ಶಿವಗಣಾರಾಧನೆಗೆ ಮುಂಚೆ ಅಕ್ಕ ಹೇಳಿಕಳಿಸಿದಳು: ಕುಂಕುಮ ಮಾಡಿದ ಹಾಗೆಯೇ ವಿಭೂತಿಯದೂ ಒಂದು ತುಂಡು ಮಾಡಿ ತಾ, ಡಬ್ಬಿ ಅದೇ ಇರಲಿ. ಮಾಡಿದೆ. ಬೂದಿಗೆ ಮೇಣ ಬೆರೆಸಿ ಅಚ್ಚಿಗೆ ಸುರಿದೆ. ಜೇಬಿನಲ್ಲಿಟ್ಟುಕೊಂಡು ಬಸ್ಸು ಹತ್ತಿ ಸೀಟು ಹಿಡಿದ ಮೇಲೆ ತಲೆಗೆ ಬಂತು: ಒಳಗಿನ ಕುಂಕುಮ ತೆಗೆಯುವುದು ಹೇಗೆ?

ಆರಾಧನೆಯ ದಿನ ಊಟದ ಪಂಕ್ತಿಯವರು ಎದ್ದು ಹೋದ ಮೇಲೆ ಭಾವನ ಸೋದರತ್ತೆ, ನಾವೆಲ್ಲ ದೊಡ್ಡತ್ತೆ ಎನ್ನುವವರು, ಡಬ್ಬಿಯನ್ನು ಸೆರಗಿನ ತುದಿಯಲ್ಲಿ ಹಿಡಿದು ತಂದರು. ಹಿಂದೆ ಅಕ್ಕ ಬಂದಳು. ಬೊಟ್ಟು ಇದ್ದ ಜಾಗದ ಚರ್ಮ ಮಾತ್ರ ಬಿಸಿಲು ಕಾಣದೆ ಬೆಳ್ಳಗೆ, ದುಂಡಗಿತ್ತು.

‘ತಗಿಯಪ್ಪ ಇದ್ರಾಗಿರೋದ್ನ,’ ಎಂದರು ದೊಡ್ಡತ್ತೆ.

‘ತೆಗೆಯೋಕೆ ಬರಲ್ಲ ದೊಡ್ಡತ್ತೆ.’

‘ಬರಲ್ಲ ಅಂದ್ರೆ? ಒಡಿ.’

‘ದೊಡ್ಡತ್ತೆ, ಅವರು ಹೇಳಿ ಮಾಡಿಸಿದ್ದು. ಒಡೆಯಂಗಿಲ್ಲ,’ ಎಂದಳು ಅಕ್ಕ.

‘ಹಂಗಾದ್ರೆ ಹಿಂದಿನಿಂದ ನೂಕಿ ಆಚಿಗೆ ಚೆಲ್ಲು.’

‘ಕುಂಕುಮಾನ ನೆಲಕ್ಕೆ ಚೆಲ್ಲಲಾ?’ ಎಂದೆ.

ದೊಡ್ಡತ್ತೆ ಡಬ್ಬಿಯನ್ನು ನನ್ನ ಮುಂದೆ ಇಟ್ಟರು. ನೆಲಕ್ಕೆ ಬೀಳುವ ಹಾಗಿಲ್ಲ. ಬೇರೆ ಮುತ್ತೈದೆಗೆ ಕೊಡೋಣವೆಂದರೆ ಈ ಡಬ್ಬಿಯನ್ನು ಯಾರೂ ಮುಟ್ಟುವುದಿಲ್ಲ. ಇಟ್ಟುಕೊಳ್ಳಬೇಕಾದವಳು ಇಟ್ಟುಕೊಳ್ಳುವ ಹಾಗಿಲ್ಲ. ಕೊನೆಗೆ ಅಕ್ಕ ಡಬ್ಬಿಯನ್ನು ತೆಗೆದುಕೊಂಡು ಅದರ ಬಾಯನ್ನು ತನ್ನ ಹಣೆಯ ಬೆಳ್ಳನೆಯ ಜಾಗಕ್ಕೆ ಒತ್ತಿ ಹಿಡಿದಳು.

‘ವಿಭೂತಿ ಹಾಕೋ ನಂಜುಂಡ. ಹಿಂದಿನಿಂದ ನೂಕು.’

‘ಲೇ ಗಿರಿಜಾ! ಏನೇ ಮಾಡ್ತಿದ್ದೀಯ?’

‘ವಿಭೂತಿ ಬರ್ಬೇಕಲ್ಲ ದೊಡ್ಡತ್ತೆ. ಮುಂದಿರೋದು ಸವೆದ ಮೇಲೆ ಬತ್ತೈತೆ. ಸವೆಸ್ತೀನಿ.’

ಅವಳ ದನಿಯಲ್ಲಿ ಜಗಳವಿರಲಿಲ್ಲ, ಅಳುವೂ ಇರಲಿಲ್ಲ. ನಾನು ತಳದ ಬಾಯಿ ತೆರೆದು ಬೂದಿಯ ತುಂಡನ್ನಿಟ್ಟು ಹೆಬ್ಬೆರಳಲ್ಲಿ ನೂಕಿದೆ. ಅದು ಒಳಗೆ ಹೋದಷ್ಟೂ ಆ ಕಡೆಯಿಂದ ಕುಂಕುಮ ಅವಳ ಹಣೆಗೆ ಬಂದು ಕೂತಿತು. ಬೊಟ್ಟು ದುಂಡಗೂ ಬರಲಿಲ್ಲ.

ದೊಡ್ಡತ್ತೆಗೆ ಅಕ್ಕನನ್ನು ಬೈಯುವ ಮನಸ್ಸಾಗಲಿಲ್ಲವೇನೋ, ನನ್ನ ಕಡೆ ತಿರುಗಿದರು. ‘ಥೂ ಮುಟ್ಠಾಳ! ತಗಿಯೋಕೆ ಬರೋ ಹಂಗೆ ಒಂದು ಡಬ್ಬಿ ಮಾಡೋ ಯೋಗ್ತೆ ಇರ್ಲಿಲ್ವೇನೋ ನಿಂಗೆ?’

‘ಮೊದ್ಲು ಹಂಗೇ ಮಾಡಿದ್ದೆ ದೊಡ್ಡತ್ತೆ,’ ಎಂದೆ. ‘ಯಾರೂ ಒಪ್ಪಲಿಲ್ಲ.’