ರುಚಿ ನೋಡದೆ ಸಹಿ ಇಲ್ಲ

ಎಂಬತ್ತರ ದಶಕದಲ್ಲಿ ಅಫಜಲಪುರದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದಾಗ, ವಿದ್ಯಾರ್ಥಿಗಳಿಗಿಂತ ಪೊಲೀಸರೇ ನನ್ನ ಪಾಠವನ್ನು ಹೆಚ್ಚು ಶ್ರದ್ಧೆಯಿಂದ ಕೇಳಿದರು. ಯಾರದೋ ಬದುಕು ಮುಳುಗುವ ಹೊತ್ತಿಗೇ ಅವರಿಗೆ ನನ್ನ ನೆನಪಾಗುತ್ತಿತ್ತು. ನಗು ಬರುತ್ತಿದ್ದುದು ಆಮೇಲೆ.

೧. ಹೊರೆ

ಜೇವರ್ಗಿ ಪೊಲೀಸ್ ಠಾಣೆಗೆ ಮೈಸೂರು ಕಡೆಯ ಫೌಜದಾರರೊಬ್ಬರು ಹೊಸದಾಗಿ ಬಂದಿದ್ದರು. ಗಾಂಜಾ ಬೆಳೆದನೆಂದು ಮುದುಕ ರೈತನೊಬ್ಬನನ್ನೂ ಒಂದು ಹೊರೆ ಗಿಡವನ್ನೂ ಜೀಪಿನಲ್ಲಿ ಹೇರಿಕೊಂಡು ನನ್ನಲ್ಲಿಗೆ ಬಂದರು. ಗಾಂಜಾದ ಎಲೆಯ ಸೀಳುಗಳು ಬುಡದವರೆಗೂ ಬಿಡಿಬಿಡಿ. ಇದು ಬುಡದಲ್ಲಿ ಕೂಡಿತ್ತು. ಅಗಿದು ನೋಡಿದೆ, ಹುಳಿ. ನಾವು ದಿನವೂ ರೊಟ್ಟಿಯೊಡನೆ ತಿನ್ನುವ ಪುಂಡಿಪಲ್ಯದ ಸೊಪ್ಪು!

ಬಿಡುಗಡೆಯಾದ ಮುದುಕ ಫೌಜದಾರರಿಗೆ ಕೈಮುಗಿದು ಹೇಳಿದ: "ಸಾಹೇಬ್ರ, ಇದು ತಿಂದ್ರ ನಿಶಾ ಏರಂಗಿಲ್ರಿ. ರೊಟ್ಟಿ ಒಂದು ಹೆಚ್ಚಿಗಿ ಹೋಗ್ತದ."

೨. ಬೀಜ

ಅದೇ ಫೌಜದಾರರಿಗೆ ಆಳಂದಕ್ಕೆ ವರ್ಗವಾಯಿತು. ಅಲ್ಲಿಂದ ನನಗೆ ಕರೆ ಬಂತು. ಮುದುಕಿಯೊಬ್ಬಳು ಎಂದೋ ಸತ್ತ ಗಂಡನೊಡನೆ ಮಾತಾಡುತ್ತ, ಗಾಳಿಯಲ್ಲಿ ಏನನ್ನೋ ಆರಿಸುತ್ತ ಆಸ್ಪತ್ರೆಯಲ್ಲಿ ಮಲಗಿದ್ದಳು. ಕಣ್ಣಪಾಪೆ ಅರಳಿದ್ದನ್ನು ಕಂಡ ವೈದ್ಯರು ದತ್ತೂರಿ ವಿಷ ಎಂದರು. ಅವಳು ಉಂಡ ತಾಟಿನಲ್ಲಿ ಕೆಂಪು ಬೀಜಗಳು ಉಳಿದಿದ್ದವು. ತನ್ನ ಹೆಂಡತಿಯೇ ವಿಷ ಹಾಕಿದ್ದಾಳೆಂದು ಮುದುಕಿಯ ಮಗ ದೂರು ಕೊಟ್ಟಿದ್ದ.

ಆ ಸೊಸೆ ಠಾಣೆಯ ಮೂಲೆಯಲ್ಲಿ ಸೆರಗು ಹೊದ್ದು ಕೂತಿದ್ದಳು. ಏನು ಕೇಳಿದರೂ "ನಾ ಹಾಕಿಲ್ರಿ" ಅನ್ನುವುದು ಬಿಟ್ಟರೆ ಮಾತಿಲ್ಲ. ಮುದುಕಿ ಸತ್ತರೆ ಅವಳ ಮೇಲೆ ಕೊಲೆಯ ಕೇಸು.

ದತ್ತೂರಿ, ಮೆಣಸಿನಕಾಯಿ ಒಂದೇ ಕುಟುಂಬದವು, ಬೀಜವೂ ಹೋಲುತ್ತದೆ. ಒಂದೊಂದನ್ನೂ ಸೀಳಿ ಮಸೂರದಡಿ ಇಟ್ಟೆ. ಮೇಲೆ ನುಣುಪು, ಒಳಗಿನ ಮೊಳಕೆ ಬಾಗಿದ ರೀತಿಯೂ ಮೆಣಸಿನಕಾಯಿಯದೇ. ಎಲ್ಲ ಬರೀ ರಂಜಕದ ಬೀಜ, ಅಂದರೆ ಕೆಂಪು ಮೆಣಸಿನಕಾಯಿ ಚಟ್ನಿಯದು.

ಸಾಕ್ಷಿಗೆಂದು ಮುದುಕಿಯ ಓಣಿಯ ಹಿರಿಯರಿಬ್ಬರನ್ನು ಪಂಚರಾಗಿ ಕರೆಸಿದ್ದರು. ಅವರು ಬಹಳ ಗಂಭೀರವಾಗಿ ತಲೆಯಾಡಿಸಿದರು: "ರುಚಿ ನೋಡ್ಲಾರದ ಸಹಿ ಮಾಡಂಗಿಲ್ರಿ. ಮೊದಲ ನೀವು ತಿನ್ರಿ."

ತಿಂದೆ. ಖಾರಕ್ಕೆ ಕಣ್ಣಲ್ಲಿ ನೀರು ಬಂತು, ಬಾಯಿಂದ ಮಾತು ಹೊರಡಲಿಲ್ಲ. ವಿಷವೇ ಏರಿತೆಂದು ಫೌಜದಾರರು ನನ್ನನ್ನು ಆಸ್ಪತ್ರೆಗೆ ಒಯ್ಯಲು ಜೀಪು ತರಿಸಿಬಿಟ್ಟರು.

೩. ಎಲೆ

ಹಾಗಾದರೆ ವಿಷ ಎಲ್ಲಿಂದ ಬಂತು? ಪೊಲೀಸರು ಮನೆ ಶೋಧಿಸಿದಾಗ ಮುದುಕಿಯ ಹಾಸಿಗೆ ಸುರುಳಿಯಲ್ಲಿ ಒಂದು ಸಂಚಿ ಸಿಕ್ಕಿತು. ಅದರಲ್ಲಿ ಚಿಲುಮೆ, ಒಣ ಎಲೆಯ ಪುಡಿ. ಸೂಕ್ಷ್ಮದರ್ಶಕದಲ್ಲಿ ನೋಡಿದೆ: ದತ್ತೂರಿ ಎಲೆ. ದಮ್ಮು, ಅಂದರೆ ಉಬ್ಬಸ, ಹತ್ತಿದಾಗ ಮುದುಕಿ ಕದ್ದು ಸೇದುತ್ತಿದ್ದಳು. ಆವತ್ತು ಉಸಿರು ಕಟ್ಟಿ ಮಿತಿಮೀರಿ ಸೇದಿದ್ದಳು.

ನಿನಗೆ ಗೊತ್ತಿರಲಿಲ್ಲವೇ ಎಂದು ಸೊಸೆಯನ್ನು ಕೇಳಿದೆ. ಆಗ ಅತ್ತಳು. "ಗೊತ್ತಿತ್ರಿ. ಯಾರ ಮುಂದೂ ಹೇಳಬ್ಯಾಡಂತ ಅತ್ತಿ ಲಿಂಗ ಮುಟ್ಟಿಸಿ ಆಣಿ ತಗೊಂಡಾರ."

ಮುದುಕಿ ಚೇತರಿಸಿಕೊಂಡವಳೇ ಗೋಡೆ ಹಿಡಿದು ಠಾಣೆಗೆ ಬಂದಳು. ಮಗನ ಮುಖ ನೋಡಲಿಲ್ಲ, ಸೊಸೆಯ ತಲೆ ಸವರಿದಳು. "ಓಣಿ ಹೆಣಮಕ್ಕಳ ಮುಂದ ಹೇಳಬ್ಯಾಡ ಅಂದಿದ್ದೆಬೇ. ಜೇಲಿಗಿ ಹೋಗು ಅಂದಿದ್ದೆನೇನು?"

ಈ ಎಲೆ ತಂದುಕೊಟ್ಟವರು ಯಾರೆಂದು ಫೌಜದಾರರು ಕೇಳಿದರು. ಸಂಚಿ ಜಪ್ತಿಯ ಕಾಗದಕ್ಕೆ ಸಹಿ ಹಾಕಲು ಪಂಚರಿಬ್ಬರೂ ಅಲ್ಲೇ ಪೆನ್ನು ಹಿಡಿದು ನಿಂತಿದ್ದರು. ಮುದುಕಿ ಅವರ ಕಡೆ ಕೈ ತೋರಿಸಿದಳು.

"ಇವರೇ ರೀ. ಸಂಜಿಗಿ ಮೂರೂ ಮಂದಿ ಕೂಡೇ ಸೇದ್ತೇವಿ."

ಒಂದು ಹೆಣ್ಣಿನ ಬಾಳು ಹೋಗುತ್ತಿದ್ದರೂ ಬಾಯಿ ಬಿಡದ ಇಬ್ಬರೂ ಈಗ ತಲೆಯೆತ್ತಿ ಚಾವಣಿ ನೋಡತೊಡಗಿದರು. ನನಗೆ ಮೈ ಉರಿಯಿತು. ಫೌಜದಾರರು ಮಾತ್ರ ಶಾಂತವಾಗಿ ಸಂಚಿ ಬಿಚ್ಚಿ ಅವರ ಮುಂದಿಟ್ಟರು.

"ರುಚಿ ನೋಡ್ದೆ ಸಹಿ ಮಾಡಲ್ಲ ಅಂದಿದ್ರಲ್ಲ, ನೋಡಿ ಯಜಮಾನ್ರೇ."

ಇಬ್ಬರೂ ಕಾಗದ ಓದದೆಯೇ ಸಹಿ ಹಾಕಿದರು.