ಪಾರ್ಲೆಯಲ್ಲಿ ಕೆನಡಾದ ಮೇಪಲ್

ಗಿಡಗಳಿಗೆ ಶಿಸ್ತು ಕಲಿಸಬಹುದೆಂದು ನಂಬಿದವನು ನಾನು. ಮನುಷ್ಯರಿಗೆ ಕಲಿಸಲು ಹೋಗಿ ಸೋತ ಮೇಲೆ ಹುಟ್ಟಿದ ನಂಬಿಕೆ ಅದು. ಹೆಡ್ ಕ್ಲಾರ್ಕ್ ಆಗಿದ್ದಷ್ಟು ದಿನ ಜನ ನನ್ನನ್ನು ನೋಡಿ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು. ನಿವೃತ್ತನಾದ ಮೇಲೆ ನನ್ನ ಹೆಂಡತಿ ಗಡಿಯಾರ ನೋಡತೊಡಗಿದಳು, ಇವರು ಹೊರಗೆ ಹೋಗುವ ಹೊತ್ತು ಯಾವಾಗ ಬಂದೀತೆಂದು. ಹಾಗಾಗಿ ವಿಲೆ ಪಾರ್ಲೆಯ ನಮ್ಮ ಬಿಲ್ಡಿಂಗಿನ ಮುಂದೆ, ನೆಲಮಹಡಿಯವರಾದ ನಮ್ಮ ಪಾಲಿಗೆ ಬಂದಿದ್ದ ಚಾಪೆಯಗಲದ ಮಣ್ಣಿಗೆ ನಾನು ಇಳಿದೆ.

ಅವಳಿಗೆ ಅಲ್ಲಿ ಸೊಪ್ಪು ಬೇಕಿತ್ತು. ಧಾರವಾಡದ ಕಡೆಯವರಿಗೆ ಹಿಡಿ ಮಣ್ಣು ಕಂಡರೂ ನೆನಪಾಗುವುದು ಪಲ್ಯವೇ. "ಅಂಗಳ ಅಂದ್ರ ಸಂತಿ ಅಲ್ಲ" ಎಂದು ನಾನು ತೀರ್ಪು ಕೊಟ್ಟೆ. ಕೆನಡಾದಲ್ಲಿ ನೆಲೆಸಿದ ನನ್ನ ಹಳೆಯ ಸಾಹೇಬರು ಕುಳ್ಳ ಮೇಪಲ್ ಗಿಡದ ಬೀಜ ಕಳಿಸಿದ್ದರು. ಅದರ ಎಲೆ ಬಿಚ್ಚಿದ ಅಂಗೈಯಂತೆ ಇರುತ್ತದಂತೆ, ಚಳಿಗೆ ಕೆಂಪಾಗುತ್ತದಂತೆ. ಮುಂಬಯಿಗೆ ಚಳಿ ಎಲ್ಲಿಂದ ಬರಬೇಕೆಂದು ಅವರೂ ಯೋಚಿಸಲಿಲ್ಲ, ನಾನೂ ಯೋಚಿಸಲಿಲ್ಲ.

"ದಸರಾದೊಳಗ ಎಲಿ ಕೆಂಪಾದ್ರ ಜಾಗಾ ನಿಮ್ಮದು, ಇಲ್ಲಾಂದ್ರ ನಂದು. ಆಮ್ಯಾಲ ತಕರಾರ ಮಾಡಬ್ಯಾಡ್ರಿ" ಎಂದಳು ಹೆಂಡತಿ.

ಬಿತ್ತಿದೆ. ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ ತಪ್ಪದೆ ನೀರೆರೆದೆ. ವಾರಗಟ್ಟಲೆ ಏನೂ ಮೇಲೇಳಲಿಲ್ಲ. ಮೇಲಿನ ಮಹಡಿಯಲ್ಲಿ ವಾಸವಿರುವ, ಹೋಟೆಲು ನಡೆಸುವ ಶೆಟ್ಟರು ಬಗ್ಗಿ ನೋಡಿ, "ಎಂಥ ಮಾರಾಯ್ರೆ, ಮಣ್ಣಿಗೆ ಸ್ನಾನ ಮಾಡಿಸುವುದಾ?" ಎಂದರು.

ಮಳೆ ಹಿಡಿದ ಮೇಲೆ ಒಂದು ಬೆಳಿಗ್ಗೆ ನೋಡುತ್ತೇನೆ, ಮೊಳಕೆ! ದಿನ ಕಳೆದಂತೆ ಕೆಂಪು ದಂಟು, ಬೆರಳು ಬಿಡಿಸಿದಂಥ ಎಲೆ. ಕುಳ್ಳಗಿರಬೇಕಾದ ಗಿಡ ಉದ್ದವಾಗತೊಡಗಿದ್ದರಿಂದ ಪ್ರತಿ ಭಾನುವಾರ ತುದಿ ಕತ್ತರಿಸಿದೆ. ಹೆಂಡತಿ ತುಟಿಪಿಟಕ್ಕೆನ್ನದೆ ತುದಿಗಳನ್ನು ಬಾಚಿಕೊಂಡು ಹೋಗುತ್ತಿದ್ದಳು. ಸೋತವಳ ವಿನಯ ಎಂದುಕೊಂಡೆ. ಸೋಮವಾರ ಜೋಳದ ರೊಟ್ಟಿಗೆ ಹುಳಿಹುಳಿ ಪುಂಡಿಸೊಪ್ಪಿನ ಪಲ್ಯ. "ಮಾರ್ಕೆಟ್ಟಿನ್ಯಾಗ ಇಷ್ಟ ಎಳೇದು ಸಿಗೋವಾಗ ಅಂಗಳದಾಗ ಯಾಕ ಬೇಕಿತ್ತು?" ಎಂದು ನಾನು ಕೆಣಕಿದರೆ, ಇನ್ನೊಂದು ಸೌಟು ಬಡಿಸುತ್ತಿದ್ದಳು.

ದಸರಾಕ್ಕೆ ಎಲೆಯಂಚೂ ಕೆಂಪಾಯಿತು. ಜಾಗ ನನ್ನದಾಯಿತು. ಶೆಟ್ಟರು ನೆಂಟರನ್ನು ಕರೆತಂದು, "ಕೆನಡಾದ್ದು! ಎಂಥ ಬಣ್ಣ ಉಂಟು ನೋಡಿ" ಎನ್ನುತ್ತಿದ್ದರು. ನಾನು ಶೀತದೇಶದ ಸಸ್ಯಗಳ ಬಗ್ಗೆ ಉಪನ್ಯಾಸ ಕೊಡುತ್ತಿದ್ದೆ.

ಅಷ್ಟರಲ್ಲಿ ವಿಜಾಪುರದಿಂದ ನನ್ನ ಅಕ್ಕ ಬಂದಳು. ಹೊಸ್ತಿಲು ದಾಟುವ ಮೊದಲೇ ಒಂದು ಎಲೆ ಚಿವುಟಿ ಬಾಯಿಗೆ ಹಾಕಿಕೊಂಡಳು.

"ತಮ್ಮಾ, ಪುಂಡಿ ಭಾಳ ಛಲೋ ಬಂದದ. ಆದ್ರ ಇದನ್ಯಾಕೋ ಮದುಮಗನ ಗತೆ ಸಿಂಗಾರ ಮಾಡಿ ನಿಲ್ಲಿಸೀ?"

ಪುಂಡಿಯನ್ನು ನಾನು ಜನ್ಮದಲ್ಲಿ ನೋಡಿದ್ದು ತಟ್ಟೆಯಲ್ಲಿ ಮಾತ್ರ. ಹೆಂಡತಿಯ ಕಡೆ ತಿರುಗಿದೆ.

"ನಿಮ್ಮ ಬೀಜ ಹುಟ್ಟಲಿಲ್ಲ" ಎಂದಳು ಮೆಲ್ಲಗೆ. "ದಿನಾ ಬರೇ ಮಣ್ಣಿಗೆ ನೀರ ಹಾಕೋದು ನೋಡಲಾರದ ನಾಕ ಪುಂಡಿ ಬೀಜ ಚೆಲ್ಲಿದೆ. ನಿಮಗ ಗುರ್ತ ಹತ್ತತದ ಅಂತ ತಿಳಕೊಂಡಿದ್ದೆ."

"ಮತ್ತ ಸೋಮವಾರದ ಪಲ್ಯ?"

"ಭಾನುವಾರ ನೀವ ಕತ್ತರಿಸಿ ಕೊಟ್ಟದ್ದು."

ಅಕ್ಕ ನಗುತ್ತ ಟ್ರಂಕಿನ ಮೇಲೆಯೇ ಕುಳಿತುಬಿಟ್ಟಳು. ಈಗ ಜಾಗ ಹೆಂಡತಿಯದು, ಕತ್ತರಿ ಮಾತ್ರ ನನ್ನದು. ನೀರಿನ ವೇಳೆ ಬದಲಾಗಿಲ್ಲ.

ಮೊನ್ನೆ ಶೆಟ್ಟರು ಮೇಪಲ್ ಬೀಜ ಕೇಳಿದರು. ಪೊಟ್ಟಣ ಕಟ್ಟಿ ಕೊಟ್ಟು, ಪ್ರತಿ ಭಾನುವಾರ ತುದಿ ಕತ್ತರಿಸಬೇಕೆಂದು ಗಂಭೀರವಾಗಿ ತಿಳಿಸಿದೆ. ಅವರಿಗೆ ವಿಜಾಪುರದಲ್ಲಿ ಅಕ್ಕ ಇಲ್ಲ ಎಂಬುದೇ ನನ್ನ ಧೈರ್ಯ.